ನಾಲ್ಕು ಇಂಚು

ಇಪ್ಪತ್ತಾರು ವರ್ಷ ಈ ನೆಲಮಾಳಿಗೆಯಲ್ಲಿ ಕೂತು
ಕೌಂಟಿಯ ಕ್ರಯಪತ್ರಗಳನ್ನು ಕಾಯ್ದಿದ್ದೇನೆ.
ಯಾವುದು ಯಾರದು, ಯಾರದಲ್ಲ,
ಕೇಳಿದರೆ ಹೇಳುತ್ತೇನೆ.
ಸೋಮವಾರ ಬಂದವಳು ಫಿಕ್ರೆತಾ,
ಮೊಣಕೈ ತನಕ ಹಿಟ್ಟು.
ಮೇನ್ ಸ್ಟ್ರೀಟಿನ ಮೂಲೆಯ ಇಟ್ಟಿಗೆ ಕಟ್ಟಡ ಕೊಳ್ಳಬೇಕು,
ಹಿಂದಿನದೆಲ್ಲ ತೆಗೆಯಿರಿ, ಅಂದಳು.

ತೆಗೆದೆ. ಏಳನೆಯ ಹೊತ್ತಗೆ, ನಲವತ್ತೊಂದನೆಯ ಪುಟ:
ಆನ್ಸ್‌ಗರ್ ಟ್ವೈಟ್, ಕುದುರೆ ಜೀನಿನ ವ್ಯಾಪಾರಿ, ೧೮೮೭.
ನದಿದಂಡೆಯ ಜೌಗನ್ನು ರೈಲು ಕಂಪನಿಯಿಂದ ಕೊಂಡ.
ಕಂಪನಿಗೆ ಬಂದದ್ದು ಸರ್ಕಾರದಿಂದ.
ಸರ್ಕಾರಕ್ಕೆ ಯಾರಿಂದ?
ಆ ಹೊತ್ತಗೆ ನಮ್ಮಲ್ಲಿಲ್ಲ.

ಎರಡಂತಸ್ತು, ನೆತ್ತಿಗೆ ತಗಡಿನ ಮುಕುಟ,
ಅದರಲ್ಲಿ ತನ್ನ ಹೆಸರಿನ ಮೊದಲಕ್ಷರ, ಮೊಳದುದ್ದ.
ತನಗೂ ತನ್ನ ವಾರಸುದಾರರಿಗೂ
ಆಚಂದ್ರಾರ್ಕವಾಗಿ ಎಂಬಂತೆ ಬರೆಸಿಕೊಂಡಿದ್ದ.
ಸೂರ್ಯಚಂದ್ರರೇನೋ ಇದ್ದರು.
ಮೋಟಾರು ಕಾರು ಬಂತು.

ಆಮೇಲೆ ಬೋಹುಮಿಲ್ ಕಾದ್ಲೆತ್ಸ್, ದರ್ಜಿ.
ಹೆಂಡತಿ ಲುದ್ಮಿಲಾಳ ರುಜುವಿನ ಜಾಗದಲ್ಲಿ
ಒಂದನ್ನೊಂದು ಕತ್ತರಿಸಿದ ಎರಡು ಗೀಟು.
ಅಕ್ಷರ ಬಾರದು. ಗೀಟು ಮಾತ್ರ ಹೊಲಿಗೆಯಷ್ಟು ನೇರ.

ಆಮೇಲೆ ಬ್ಯಾಂಕು.
ಆ ಬ್ಯಾಂಕನ್ನು ಇನ್ನೊಂದು ಬ್ಯಾಂಕು ನುಂಗಿತು,
ಅದನ್ನು ಮೂವತ್ತೆರಡರ ಚಳಿಗಾಲ ನುಂಗಿತು.
ಕಂದಾಯದ ಬಾಕಿಗೆ ಕೋರ್ಟಿನ ಮೆಟ್ಟಿಲ ಮೇಲೆ ಹರಾಜು:
ನೂರ ಹದಿನೆಂಟು ಡಾಲರು, ನಲವತ್ತು ಸೆಂಟು.
ಕೂಗಿದವನು ಅಸದ್ ಬಿತಾರ್, ಲೆಬನಾನಿನವನು,
ಹೊಲದಿಂದ ಹೊಲಕ್ಕೆ ಸೂಜಿ ದಾರ ಹೊತ್ತು ಮಾರಿದವನು.
ಕೊಟ್ಟದ್ದೆಲ್ಲ ಚಿಲ್ಲರೆ; ಎಣಿಸಿ ಮುಗಿಯುವ ಹೊತ್ತಿಗೆ
ಗುಮಾಸ್ತನ ಊಟ ಆರಿತ್ತಂತೆ.
ಅವನ ಅಂಗಡಿಯ ಆಲಿವ್ ಪೀಪಾಯಿ ನನಗೂ ನೆನಪಿದೆ,
ಇಣುಕಿದರೆ ನನ್ನ ಮುಖ ಉಪ್ಪುನೀರಲ್ಲಿ.

ಮಗಳು ನಜ್ಲಾಳಿಗೆ ಬರೆದುಕೊಟ್ಟ,
ಒಂದು ಡಾಲರು ಮತ್ತು ಪ್ರೀತಿ ವಿಶ್ವಾಸದ ಪ್ರತಿಫಲಕ್ಕೆ.
ನಮ್ಮ ಹೊತ್ತಗೆಗಳಲ್ಲಿ ಪ್ರೀತಿ ಬರುವುದು
ಇಂಥ ಸಾಲಿನಲ್ಲಿ ಮಾತ್ರ, ಡಾಲರಿನ ಬೆನ್ನ ಹಿಂದೆ ನಿಂತು.

ಮುಂದಿನದು ಬೇಗ ಮುಗಿಯುತ್ತದೆ. ಹೆದ್ದಾರಿ ಬಳಿ ಮಾಲು.
ಇಲ್ಲಿ ಚಪ್ಪಲಿ, ಆಮೇಲೆ ವಿಗ್ಗು,
ಯಾರೋ ಸೋತವರ ಚುನಾವಣಾ ಕಚೇರಿ, ಆರು ವಾರ.
ಕೊನೆಗೆ ಡೆಲಾವೇರಿನ ಒಂದು ಕಂಪನಿ, ವಿಳಾಸ ಅಂಚೆಪೆಟ್ಟಿಗೆ.
ನದಿ ಬಂದು ಒಳಗೆ ಒಂದು ವಾರ ಕೂತಿತು,
ಮಾಲೀಕರು ಬರಲಿಲ್ಲ.
ಗಾಳಿಗೆ ಬಿದ್ದ ಆ ತಗಡಿನಕ್ಷರ
ನನ್ನ ತಮ್ಮನ ಕೊಟ್ಟಿಗೆಯಲ್ಲಿದೆ. ಇದುವರೆಗೆ ಯಾರೂ ಕೇಳಿಲ್ಲ.

ಇಷ್ಟು ಓದಿ ತಡೆದೆ.
ಒಂದು ತೊಡಕಿದೆ, ಅಂದೆ. ಉತ್ತರದ ಗೋಡೆ.
ಪಕ್ಕದ ಕ್ಷೌರಿಕ ಹೈರಮ್ ಸ್ಟ್ರೌಡ್
ಅದರ ಖರ್ಚಿಗೆ ಪಾಲು ಹಾಕಿದ್ದ.
ಗೋಡೆಯ ದಪ್ಪದಲ್ಲಿ ನಾಲ್ಕು ಇಂಚು ಅವನದು.
ಅವನ ಅಂಗಡಿ ಐವತ್ತೆಂಟರಲ್ಲಿ ಸುಟ್ಟುಹೋಯಿತು,
ಈಗಲ್ಲಿ ಕಾರು ನಿಲ್ಲಿಸುತ್ತಾರೆ.
ಗೋಡೆಯ ಹೊರಮೈಗೆ ಅವನ ಮಹಡಿ ಮೆಟ್ಟಿಲ ಗೆರೆ ಅಂಟಿಕೊಂಡಿದೆ,
ಹಸಿರು ಬಳಿದ ಒಂದು ಕೋಣೆ ಆಕಾಶಕ್ಕೆ ತೆರೆದುಕೊಂಡಿದೆ.
ಆ ನಾಲ್ಕು ಇಂಚನ್ನು ಯಾರೂ ಯಾರಿಗೂ ಮಾರಿಲ್ಲ.
ವಕೀಲರನ್ನು ಹಿಡಿದರೆ ಬಿಡಿಸಬಹುದು,
ವರ್ಷ ಹಿಡಿಯುತ್ತದೆ.

ಅವಳು ಬಹಳ ಹೊತ್ತು ಕೂತಿದ್ದಳು.
ಬೋಸ್ನಿಯಾದಲ್ಲಿ ನಮ್ಮದೊಂದು ಮನೆ, ಅಂದಳು,
ಗೋಡೆ ಇಲ್ಲ, ಪತ್ರ ಇದೆ.
ಚೀಲದಿಂದ ತೆಗೆದು ತೋರಿಸಿದಳು ಸಹ,
ಮಡಿಕೆ ಮಡಿಕೆಗೆ ಹರಿದದ್ದು.
ನನಗೆ ಬಾರದ ಭಾಷೆ, ಬರುವ ಮೊಹರು.

ಮತ್ತೆ ಕ್ಷೌರಿಕನ ಹೆಸರಿನ ಮೇಲೆ ಬೆರಳಿಟ್ಟು,
ಇವರು ಬಾಡಿಗೆ ಕೇಳುವರೇ?
ಇಲ್ಲ, ಅಂದೆ.
ಚಳಿಗಾಳಿ ತಡೆದು ನಿಂತಿದ್ದಾರಲ್ಲ, ಇರಲಿ ಬಿಡಿ.
ಒಲೆಯನ್ನು ಆ ಗೋಡೆಗೇ ಒತ್ತಿ ಕಟ್ಟಿಸುತ್ತೇನೆ.

ಮುಂದಿನ ತಿಂಗಳು ನೋಂದಾಯಿಸಿದೆ.
ಶಾಯಿ ಆರುವ ತನಕ ಮುಟ್ಟಬೇಡಿ ಎಂದರೂ
ಪುಟದ ಅಂಚಿಗೆ
ಸ್ವಲ್ಪ ಹಿಟ್ಟು.